ಹೆಳವನ ಹೊತ್ತಿಗೆಯೂ ಮನೆಯ ಹೆಣ್ಣುಮಕ್ಕಳೂ

ಹಿಂಗಾರಿ ಜೋಳದ ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳಿಗೆ ಹೆಳವರು ಬರುವುದು ನಮ್ಮ ಓದುಗ ಬಂಧುಗಳಿಗೆ ಹೊಸ ಸಂಗತಿಯಲ್ಲ. ಹಿಂದೆ ಅವರು ಎತ್ತಿನ ಮೇಲೆ ಕುಳಿತು, ಕೈಯಲ್ಲಿ ಗಂಟೆ ಹಿಡಿದು ಬರುತ್ತಿದ್ದರು. ಇಂದು ಮೋಟಾರ್ ಸೈಕಲ್ಲಿನ ಮೇಲೆ ಬರುವವರೂ ಉಂಟು. ಬಂದ ಹೆಳವನು ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಅಂಗಳದಲ್ಲಿ ಆಡುವ ಕೂಸಿನವರೆಗೆ ಹೆಸರುಗಳನ್ನು ರಾಗವಾಗಿ ಹೇಳುತ್ತಾನೆ. ಯಾವ ಊರಿನಿಂದ ಬಂದಿರಿ, ಯಾವ ಬರದಲ್ಲಿ ಬಂದಿರಿ, ಬೆಡಗು ಯಾವುದು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದೆಲ್ಲವೂ ಅವನ ಹೊತ್ತಿಗೆಯಲ್ಲಿದೆ. ಕೇಳಿದವರು ಕಾಳು, ಬಟ್ಟೆ, ಹಣ, ಅನುಕೂಲವಿದ್ದವರು ಕರುವನ್ನೂ ಕೊಟ್ಟು ಕಳುಹಿಸುತ್ತಾರೆ. ಆ ವರ್ಷ ಹುಟ್ಟಿದ ಮಗುವಿನ ಹೆಸರನ್ನು ಅವನು ಬರೆದುಕೊಂಡು ಮುಂದಿನ ಊರಿಗೆ ನಡೆಯುತ್ತಾನೆ.

ಈ ಹೊತ್ತಿಗೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಕುಲದ ಹೆಮ್ಮೆಯನ್ನು ತೊರೆಯಿರೆಂದು ಬೋಧಿಸಿದ ಶರಣರ ಅನುಯಾಯಿಗಳಾದ ನಾವು ವಂಶಾವಳಿಯ ಬೆನ್ನು ಹತ್ತುವುದು ಸರಿಯೆ? ಈ ಎರಡು ಪ್ರಶ್ನೆಗಳನ್ನು ಅನೇಕರು ಕೇಳುವುದುಂಟು. ಎರಡನೆಯದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಸಾಗುತ್ತೇವೆ.

ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರ ಊರು. ಆ ಶರಣರನ್ನು ನಾಡು ನೆನೆಯುವುದು ಅವರ ಅಜ್ಜ ಮುತ್ತಜ್ಜಂದಿರಿಂದಲ್ಲ, ಬಟ್ಟೆ ಶುದ್ಧಿ ಮಾಡಿದ ಕಾಯಕದಿಂದ, 'ಕಲಿದೇವರದೇವ' ಎಂಬ ಅಂಕಿತದಿಂದ. ಇದು ದೊಡ್ಡ ಮಾತು. ಆದರೆ ಇಲ್ಲಿಂದ ಹೆಚ್ಚು ದೂರವಲ್ಲದ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಮನೆತನದ ಹೆಸರುಗಳು ಕಲ್ಲಿನ ಮೇಲೆ ಉಳಿದಿವೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿರುವ, ಸೇವುಣರ ಕಾಲದ 1260ರ ಶಾಸನವು ಮಾದಿರಾಜನನ್ನೂ, ಆತನ ಮಗ ಬಸವರಾಜನನ್ನೂ, ಬಸವರಾಜನ ಅಣ್ಣ ದೇವರಾಜನನ್ನೂ, ಆ ಪರಂಪರೆಯಲ್ಲಿ ಬಂದ ಹಾಲಬಸವಿದೇವನನ್ನೂ ಹೆಸರಿಸುತ್ತದೆ. ಬಸವಣ್ಣನವರು ಕೇವಲ ಪುರಾಣದ ವ್ಯಕ್ತಿಯಲ್ಲ, ಚರಿತ್ರೆಯ ಪುರುಷ ಎಂದು ವಿದ್ವಾಂಸರು ಎದೆತಟ್ಟಿ ಹೇಳಲು ಈ ಶಾಸನವು ಮುಖ್ಯ ಆಧಾರಗಳಲ್ಲೊಂದಾಯಿತು. ಕುಲದ ಎತ್ತರವನ್ನು ಅಳೆಯಲು ವಂಶಾವಳಿ ಬೇಡ. ಸತ್ಯವನ್ನು ತಿಳಿಯಲು ಬೇಕು.

ಆ ಶಾಸನವನ್ನು ಕೆತ್ತಿಸಿದ್ದು ಏಕೆ ಎಂಬುದನ್ನೂ ಗಮನಿಸಬೇಕು. ದತ್ತಿಯ ಸಂದರ್ಭದಲ್ಲಿ ಅದನ್ನು ಬರೆಯಿಸಿದರು. ಎಲ್ಲ ದೇಶಗಳಲ್ಲಿಯೂ ಇದೇ ಕಥೆ. ಭೂಮಿ, ಕಾಣಿಕೆ, ವರದಕ್ಷಿಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಮಾತ್ರ ಸಾಮಾನ್ಯ ಮನುಷ್ಯರ ಹೆಸರುಗಳು ಕಾಗದಕ್ಕೆ ಇಳಿಯುತ್ತವೆ.

ಇಟಲಿಯ ದಕ್ಷಿಣದಲ್ಲಿರುವ ಸಿಸಿಲಿ ದ್ವೀಪವು ಇದಕ್ಕೆ ಒಳ್ಳೆಯ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಆರಂಭಕ್ಕೂ ಅಲ್ಲಿಂದ ಲಕ್ಷಾಂತರ ಬಡ ಒಕ್ಕಲು ಮಕ್ಕಳು ಹಡಗು ಹತ್ತಿ ಅಮೆರಿಕೆಗೆ ಹೋದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ತಮ್ಮ ಮೂಲವನ್ನು ಹುಡುಕುತ್ತ ಅಜ್ಜನ ಹಳ್ಳಿಗೆ ಮರಳುತ್ತಾರೆ. ಅವರಿಗೆ ಅಲ್ಲಿ ಮೂರು ಬಗೆಯ ದಾಖಲೆಗಳು ಸಿಗುತ್ತವೆ. ಮೊದಲನೆಯದು ಇಗರ್ಜಿಯ ಪುಸ್ತಕ. 1563ರಲ್ಲಿ ಟ್ರೆಂಟ್ ಎಂಬಲ್ಲಿ ಕೂಡಿದ ಕ್ರೈಸ್ತ ಧರ್ಮಸಭೆಯು ದೀಕ್ಷಾಸ್ನಾನ ಮತ್ತು ಮದುವೆಗಳನ್ನು ಪ್ರತಿಯೊಬ್ಬ ಪಾದ್ರಿಯೂ ಬರೆದಿಡಬೇಕೆಂದು ಕಟ್ಟಳೆ ಮಾಡಿತು. ಎರಡನೆಯದು 1820ರಿಂದ ಸರಕಾರವು ಇಟ್ಟುಕೊಂಡು ಬಂದ ಜನನ, ವಿವಾಹ, ಮರಣಗಳ ದಫ್ತರ. ಮೂರನೆಯದು ನೋಟರಿಗಳ ಕಾಗದ. ನಮ್ಮಲ್ಲಿ ನೋಟರಿ ಎಂದರೆ ಪ್ರಮಾಣಪತ್ರಕ್ಕೆ ಶಿಕ್ಕಾ ಒತ್ತುವ ವಕೀಲ, ಅಲ್ಲಿ ಹಾಗಲ್ಲ. ಹೊಲದ ಮಾರಾಟ, ಗೇಣಿಯ ಕರಾರು, ಮೃತ್ಯುಪತ್ರ, ಮದುವೆಯ ಕರಾರು ಇವೆಲ್ಲವನ್ನೂ ನೋಟರಿಯೇ ಬರೆದು ತನ್ನ ಸಂಪುಟದಲ್ಲಿ ಉಳಿಸಿಕೊಳ್ಳುತ್ತಿದ್ದನು. ಹಳೆಯ ಸಂಪುಟಗಳು ಇಂದು ಪಾಲೆರ್ಮೊ ಮೊದಲಾದ ನಗರಗಳ ಸರಕಾರಿ ದಫ್ತರಖಾನೆಗಳಲ್ಲಿವೆ.

ಇವುಗಳಲ್ಲಿ ನಮ್ಮ ಗಮನವನ್ನು ಸೆಳೆಯುವುದು ಮದುವೆಯ ಕರಾರು. ಬಡವನ ಮಗಳಾದರೂ ಸರಿಯೆ, ಆಕೆಯ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಆಕೆಗೆ ತವರಿನವರು ಕೊಟ್ಟ ಹಾಸಿಗೆ, ಹೊದಿಕೆ, ಪಾತ್ರೆ, ದ್ರಾಕ್ಷಿಯ ತೋಟದ ತುಂಡು ಎಲ್ಲವನ್ನೂ ಎಣಿಸಿ ಬರೆದಿರುತ್ತಾರೆ. ಇನ್ನೊಂದು ವಿಶೇಷವುಂಟು. ಮದುವೆಯಾದ ಮೇಲೂ ದಾಖಲೆಗಳಲ್ಲಿ ಆಕೆಯ ಅಡ್ಡಹೆಸರು ತಂದೆಯ ಮನೆಯದೇ. ಹೀಗಾಗಿ ಮುನ್ನೂರು ವರ್ಷಗಳ ಹಿಂದಿನ ಅಜ್ಜಿಯೊಬ್ಬಳ ತವರನ್ನು ಇಂದಿನ ಮೊಮ್ಮಗನು ಹುಡುಕಬಲ್ಲನು. ಇದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಇದರ ಮಾತು ಬರುತ್ತದೆ.

ಸಿಸಿಲಿಯವರಿಗೂ ನಮಗೂ ಒಂದು ರೂಢಿ ಸಮಾನವಾಗಿದೆ. ಹಿರಿಯ ಮಗನಿಗೆ ಅಜ್ಜನ ಹೆಸರನ್ನು, ಮಗಳಿಗೆ ಅಜ್ಜಿಯ ಹೆಸರನ್ನು ಇಡುವುದು ಅಲ್ಲಿಯೂ ಉಂಟು. ಇದರಿಂದ ಹುಡುಕುವವನಿಗೆ ಪ್ರಾಣಸಂಕಟ. ಒಂದೇ ಮನೆತನದಲ್ಲಿ ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಶಿವಪ್ಪ. ಇಬ್ಬರು ಅಣ್ಣತಮ್ಮಂದಿರ ಮಕ್ಕಳಿಗೂ ಒಬ್ಬನೇ ಅಜ್ಜನ ಹೆಸರಾದರೆ ಒಂದೇ ಊರಲ್ಲಿ ಮೂವರು ಬಸಪ್ಪಗಳು. ಉತಾರದಲ್ಲಿ ಯಾವ ಬಸಪ್ಪ ಎಂದು ತಿಳಿಯದೆ ಕೋರ್ಟು ಹತ್ತಿದ ಮನೆಗಳು ಎಷ್ಟೋ.

ಈಗ ನಮ್ಮ ನಾಡಿನ ದಾಖಲೆಗಳತ್ತ ಬರೋಣ. ಇಗರ್ಜಿಯ ಪುಸ್ತಕದಂತಹುದು ನಮ್ಮಲ್ಲಿ ಇರಲಿಲ್ಲ. ಮಗುವಿಗೆ ಲಿಂಗಧಾರಣೆ ಮಾಡಿದ ಅಯ್ಯನವರಾಗಲಿ, ಮದುವೆ ಮಾಡಿಸಿದ ಮಠಪತಿಗಳಾಗಲಿ ಅದನ್ನು ಪುಸ್ತಕದಲ್ಲಿ ಬರೆಯಬೇಕೆಂಬ ಕಟ್ಟಳೆ ಇರಲಿಲ್ಲ. ಮಠದ ಕಾಗದಗಳೆಂದರೆ ಬಹುಮಟ್ಟಿಗೆ ಇನಾಮು, ಉಂಬಳಿ, ಪಟ್ಟಾಧಿಕಾರಗಳಿಗೆ ಸೇರಿದವು. ಕಾಶಿಯ ಜಂಗಮವಾಡಿ ಮಠದಲ್ಲಿ ಮೊಗಲ ಬಾದಶಹರ ಫರ್ಮಾನುಗಳು ಉಳಿದು ಬಂದಿರುವುದೂ ಭೂಮಿಯ ಕಾರಣದಿಂದಲೇ. ಭಕ್ತರ ಮನೆಯ ಕೂಸಿನ ಹೆಸರು ಅಲ್ಲಿ ಬರುವ ಪ್ರಮೇಯವಿಲ್ಲ.

ಹಳ್ಳಿಯ ದಫ್ತರವಿತ್ತು. ಗೌಡಕಿಯವರು, ಕುಲಕರ್ಣಿಯವರು ತಲೆತಲಾಂತರದಿಂದ ಅದನ್ನು ಇಟ್ಟುಕೊಂಡು ಬಂದರು. ಪೇಶವೆಯರ ಆಡಳಿತದ ಕಾಗದಗಳು ಪುಣೆಯ ದಫ್ತರಖಾನೆಯಲ್ಲಿ ಇಂದಿಗೂ ಇವೆ. ಹತ್ತೊಂಬತ್ತನೆಯ ಶತಮಾನದ ನಡುವೆ ಆಂಗ್ಲ ಸರಕಾರವು ಇನಾಮ್ ಕಮಿಶನ್ ನೇಮಿಸಿ, ಭೂಮಿಗೆ ಆಧಾರ ತೋರಿಸಿರೆಂದು ಕೇಳಿದಾಗ ಎಷ್ಟೋ ಮನೆತನಗಳು ತಮ್ಮ ವಂಶಾವಳಿಯನ್ನು ಬರೆದು ಹಾಜರು ಮಾಡಬೇಕಾಯಿತು. ಈ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯ ಮರಾಠಿಯಲ್ಲಿವೆ. ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲಿ ಇಂತಹ ಕಟ್ಟು ಇದ್ದವರು ಅದನ್ನು ರದ್ದಿಗೆ ಹಾಕದೆ ಇಟ್ಟುಕೊಳ್ಳಬೇಕು. ಮುಂಬಯಿ ಸರಕಾರವು 1950ರ ಕಾಯಿದೆಯಿಂದ ಕುಲಕರ್ಣಿ ವತನವನ್ನು ರದ್ದುಪಡಿಸಿತು. ದಫ್ತರವು ತಲಾಠಿಯ ಕೈಗೆ ಹೋಯಿತು. ಮನೆಯ ಮಾಳಿಗೆಯ ಮೇಲೆ ಉಳಿದವನ್ನು ಗೆದ್ದಲು ತಿಂದಿತು.

ಫ. ಗು. ಹಳಕಟ್ಟಿಯವರನ್ನು ಇಲ್ಲಿ ನೆನೆಯದೆ ಮುಂದುವರಿಯಲಾರೆವು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಆ ಮಹನೀಯರು ಮನೆಮನೆಗೆ ತಿರುಗಿ, ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ವಚನದ ಗರಿಗಳಿಗೆ ಒಬ್ಬ ಹಳಕಟ್ಟಿಯವರು ಒದಗಿ ಬಂದರು. ಮನೆಗಳ ಕಾಗದಕ್ಕೆ ಅಂತಹವರು ಯಾರೂ ಒದಗಲಿಲ್ಲ. ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಕೈಫಿಯತ್ತುಗಳನ್ನು ಸಂಪಾದಿಸಿದರು, ನಾಮವಿಜ್ಞಾನವನ್ನು ಕುರಿತು ಬರೆದರು. ಅಡ್ಡಹೆಸರುಗಳೂ ಚರಿತ್ರೆಯ ಆಕರಗಳೆಂದು ಕನ್ನಡಿಗರಿಗೆ ತೋರಿಸಿಕೊಟ್ಟರು.

ಅಡ್ಡಹೆಸರಿನ ವಿಷಯ ಸ್ವಾರಸ್ಯವಾಗಿದೆ. ಹಿಪ್ಪರಗಿ ಎಂಬ ಅಡ್ಡಹೆಸರಿನವರು ಹಿಪ್ಪರಗಿಯಲ್ಲಿ ಸಿಗುವುದು ಅಪರೂಪ, ಸಿಂದಗಿಯವರು ಸಿಂದಗಿಯಲ್ಲಿರುವುದಿಲ್ಲ. ಊರಲ್ಲಿಯೇ ಇದ್ದವನಿಗೆ ಆ ಊರಿನ ಹೆಸರನ್ನು ಯಾರು ಇಟ್ಟಾರು? ಊರು ಬಿಟ್ಟು ಬೇರೆಡೆಗೆ ಹೋದಾಗ ಅಲ್ಲಿಯವರು 'ಇವರು ಹಿಪ್ಪರಗಿಯವರು' ಎಂದು ಗುರುತಿಸಿದರು, ಗುರುತೇ ಹೆಸರಾಯಿತು. ಆದುದರಿಂದ ಊರಿನ ಹೆಸರಿನ ಮನೆತನಗಳೆಲ್ಲ ಒಂದು ಕಾಲಕ್ಕೆ ಗುಳೆ ಹೋದ ಮನೆತನಗಳೇ. ಪಾಟೀಲ, ದೇಸಾಯಿ, ನಾಡಗೌಡ, ಬಿರಾದಾರ ಇವು ಅಧಿಕಾರದಿಂದ ಬಂದವು. ಹೂಗಾರ, ಗಾಣಿಗೇರ, ಕುಂಬಾರ, ಬಣಗಾರ ಕಾಯಕದಿಂದ. ಹಿರೇಮಠ, ಸಾಲಿಮಠ ಮಠದಿಂದ. ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧವಿದೆಯೆಂದು ತಿಳಿಯುವುದು ತಪ್ಪು.

ಗುಳೆ ಹೋಗಲು ಕಾರಣಗಳಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿರಲಿಲ್ಲ. 1791-92ರ ಡೋಗಿ ಬರವನ್ನು ಜನರು ಬಹುಕಾಲ ನೆನೆಯುತ್ತಿದ್ದರು. 1876ರಿಂದ 78ರವರೆಗಿನ ಬರವಂತೂ ಊರುಗಳನ್ನೇ ಬರಿದು ಮಾಡಿತು. ಆಗಿನ ಕಲಾದಗಿ ಜಿಲ್ಲೆಯಲ್ಲಿ 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಇಲ್ಲವಾದರು. ಸತ್ತವರು ಕೆಲವರು, ಹೋದವರು ಕೆಲವರು. ಅದೇ ದಶಕದಲ್ಲಿ ಸೊಲ್ಲಾಪುರದಲ್ಲಿ ಬಟ್ಟೆಯ ಗಿರಣಿ ಆರಂಭವಾಯಿತು. ಇಂಡಿ, ಸಿಂದಗಿ ಕಡೆಯವರಿಗೆ ಸೊಲ್ಲಾಪುರ ದೂರವೇನಲ್ಲ. ಇಂದು ಅಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಕುಟುಂಬಗಳಿಗೆ ಹಳ್ಳಿಯ ಹೆಸರು ಗೊತ್ತಿದೆ, ಹಳ್ಳಿಯಲ್ಲಿ ಯಾರ ಮನೆ ಎಂಬುದು ಮರೆತಿದೆ. ಅವರ ಎಳೆಯನ್ನು ಹಿಡಿದು ಬರಬಲ್ಲವನು ಹೆಳವನೊಬ್ಬನೇ. ಒಕ್ಕಲು ಎಲ್ಲಿಗೆ ಹೋದರೂ ಅವನು ಹುಡುಕಿಕೊಂಡು ಹೋಗುತ್ತಾನೆ. ಅದು ಅವನ ಹೊಟ್ಟೆಪಾಡೂ ಹೌದು, ಹಕ್ಕೂ ಹೌದು. ಹೆಳವರ ಮನೆಯಲ್ಲಿ ಹಿಸ್ಸೆಯಾದಾಗ ಹೊಲ ಹಂಚಿದಂತೆ ಊರುಗಳನ್ನೂ ಒಕ್ಕಲುಗಳನ್ನೂ ಹಂಚಿಕೊಳ್ಳುತ್ತಾರೆ. ನಮ್ಮ ವಂಶಾವಳಿಯು ಅವರಿಗೆ ಆಸ್ತಿ.

ಹೆಳವ ಎಂದರೆ ಕಾಲಿಲ್ಲದವನು. ಅಣ್ಣತಮ್ಮಂದಿರ ನಡುವೆ ಕುಂಟನಾಗಿ ಹುಟ್ಟಿದವನೊಬ್ಬನಿಗೆ ಹೊಲ ಉಳುವ ಶಕ್ತಿಯಿಲ್ಲದಿರಲು, ಉಳಿದವರು ಎತ್ತು ಕೊಟ್ಟು, 'ನಮ್ಮ ಬಳ್ಳಿಯನ್ನು ನೀನು ನೆನಪಿಟ್ಟುಕೋ, ನಿನ್ನನ್ನು ನಾವು ಸಾಕುತ್ತೇವೆ' ಎಂದರೆಂದು ಜನರ ಬಾಯಲ್ಲಿ ಕಥೆಯಿದೆ. ಕಥೆ ಹೇಗಾದರೂ ಇರಲಿ, ಅದರೊಳಗಿನ ನ್ಯಾಯ ನಮಗೆ ಹಿಡಿಸುತ್ತದೆ.

ಇನ್ನು ನಂಬಿಕೆಯ ಪ್ರಶ್ನೆ. ಹೆಳವನ ಹೊತ್ತಿಗೆಯ ಮೊದಲ ಭಾಗದಲ್ಲಿ ಶೌರ್ಯ, ದಾನ, ಅರಸರ ಮನ್ನಣೆಗಳ ವರ್ಣನೆ ಬರುತ್ತದೆ. ಅದನ್ನು ಹಾಡೆಂದು ಕೇಳಿ ಸಂತೋಷಪಡಬೇಕು. ಈಚಿನ ಐದಾರು ತಲೆಮಾರುಗಳ ಹೆಸರುಗಳು, ಬಂದ ಊರು, ಹಿಸ್ಸೆಯ ವಿವರ ಇವು ಬೇರೆಯ ಬಗೆಯವು. ಕಂಡು ಕೇಳಿ ಬರೆದವು. ಹೆಳವನು ಪ್ರತಿ ಸಲ ಬಂದಾಗ ಮನೆಯ ಹಿರಿಯರ ಎದುರಿನಲ್ಲಿಯೇ ಓದುವುದರಿಂದ ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತಾರೆ. ಆದರೂ ಒಂದೇ ಆಧಾರವನ್ನು ನೆಚ್ಚಬಾರದು. ತಾಲೂಕು ಕಚೇರಿಯ ಹಕ್ಕುದಾಖಲೆ, ವಾರಸಾ ನೋಂದಣಿ, ಊರ ಕನ್ನಡ ಶಾಲೆಯ ದಾಖಲಾತಿ ರಜಿಸ್ಟರುಗಳೊಡನೆ ತಾಳೆ ನೋಡಬೇಕು. ಮುಂಬಯಿ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯಿದೆ 1903ರಲ್ಲಿ ಬಂದಿತು. ಅಲ್ಲಿಂದೀಚೆಗೆ ಹೊಲದ ಒಡೆಯನು ತೀರಿಕೊಂಡಾಗ ಯಾರು ವಾರಸುದಾರರೆಂದು ವರ್ದಿ ಕೊಟ್ಟು ಬರೆಯಿಸುವುದು ನಡೆದು ಬಂದಿದೆ. ಕಂಪ್ಯೂಟರಿನ ಉತಾರದಲ್ಲಿ ಇಂದಿನ ಹೆಸರಷ್ಟೇ ಸಿಗುತ್ತದೆ. ಹಿಂದಿನದಕ್ಕೆ ಕೈಬರಹದ ಪುಸ್ತಕವನ್ನೇ ಕೇಳಿ ನಕಲು ಪಡೆಯಬೇಕು. ಸರಕಾರವು 'ಭೂ ಸುರಕ್ಷಾ' ಎಂಬ ಯೋಜನೆಯಲ್ಲಿ ಹಳೆಯ ಪುಟಗಳ ಚಿತ್ರ ತೆಗೆದಿಡಲು ಕೈಹಾಕಿರುವುದು ಒಳ್ಳೆಯ ಕೆಲಸ.

ಈ ಎಲ್ಲ ದಾಖಲೆಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಮನಸ್ಸು ಚುಚ್ಚುವ ಸಂಗತಿಯೊಂದು ಎದ್ದು ಕಾಣುತ್ತದೆ. ಹೆಳವನ ಹೊತ್ತಿಗೆಯಲ್ಲಿ ಹೆಣ್ಣುಮಕ್ಕಳಿಲ್ಲ. ಇದ್ದರೂ 'ಇಂತಹವನಿಗೆ ಇಬ್ಬರು ಹೆಂಡಿರು, ಹಿರಿಯಳ ಹೊಟ್ಟೆಯವರು ಇಷ್ಟು ಜನ' ಎಂಬಷ್ಟಕ್ಕೆ ಮಾತು ಮುಗಿಯುತ್ತದೆ. ಹುಟ್ಟಿದ ಮನೆಯಲ್ಲಿ ಆಕೆ ಬೇರೆಯವರ ಮನೆಗೆ ಹೋಗುವವಳು ಎಂದು ಬರೆಯಲಿಲ್ಲ. ಹೋದ ಮನೆಯಲ್ಲಿ ಬೇರೆಡೆಯಿಂದ ಬಂದವಳು ಎಂದು ಬರೆಯಲಿಲ್ಲ. ಮದುವೆಯ ದಿನ ಸೊಸೆಯ ಹೆಸರನ್ನು ಬದಲಿಸುವ ರೂಢಿಯು ನಮ್ಮ ಕಡೆಯ ಅನೇಕ ಮನೆಗಳಲ್ಲಿದ್ದುದರಿಂದ ಆಕೆ ಎರಡು ಸಲ ಕಳೆದುಹೋದಳು. ಸಿಸಿಲಿಯ ಬಡ ಕೂಲಿಕಾರನ ಮಗಳು ಮುನ್ನೂರು ವರ್ಷಗಳ ಮೇಲೆ ಮೊಮ್ಮಗನಿಗೆ ಸಿಗುತ್ತಾಳೆ. ನಮ್ಮ ಮುತ್ತಜ್ಜಿಯ ತವರೂರು ಯಾವುದೆಂದು ಕೇಳಿದರೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಅಕ್ಕಮಹಾದೇವಿ, ನೀಲಾಂಬಿಕೆ, ಸತ್ಯಕ್ಕರ ಹೆಸರನ್ನು ಎಂಟುನೂರು ವರ್ಷ ಕಾಪಾಡಿಕೊಂಡು ಬಂದ ಸಮಾಜ ನಮ್ಮದು!

ಸರಕಾರಿ ದಾಖಲೆಯಲ್ಲಿ ಆಕೆಯ ಹೆಸರು ಎರಡು ಕಡೆ ದೊರೆಯುತ್ತದೆ. ಗಂಡನು ಸತ್ತು ಮಕ್ಕಳು ಸಣ್ಣವರಿದ್ದಾಗ ಪಾಲಕಿಯೆಂದು ಅವಳ ಹೆಸರನ್ನು ಬರೆದಿರುತ್ತಾರೆ. ಇನ್ನೊಂದು, ತಂದೆಯ ಆಸ್ತಿಯಲ್ಲಿ ತನಗೆ ಪಾಲು ಬೇಡವೆಂದು ಆಕೆ ಬರೆದುಕೊಟ್ಟ ಹಕ್ಕುಬಿಡುಗಡೆ ಪತ್ರ. ಮನೆಯ ಮಗಳ ಹೆಸರು ಮನೆಯ ಕಾಗದದಲ್ಲಿ ಮೊದಲ ಸಲ ಕಾಣಿಸಿಕೊಳ್ಳುವುದೇ ಆಕೆ ಅಲ್ಲಿಂದ ಹೆಸರು ತೆಗೆಸುವಾಗ ಎಂಬುದನ್ನು ಕಂಡು ನಾವು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕುಳಿತದ್ದುಂಟು.

ಇದು ಬರಿಯ ಭಾವನೆಯ ಮಾತಲ್ಲ. ಕರ್ನಾಟಕವು 1994ರಲ್ಲಿ ಕಾಯಿದೆಯನ್ನು ತಿದ್ದಿ, ಅದು ಜಾರಿಗೆ ಬರುವ ಮೊದಲು ಮದುವೆಯಾಗಿದ್ದವರನ್ನು ಬಿಟ್ಟು, ಉಳಿದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ಮದುವೆಯ ಆ ಭೇದವನ್ನೂ ತೆಗೆದುಹಾಕಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಸ್ಪಷ್ಟಪಡಿಸಿತು. ಈ ಕಾಯಿದೆ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಆದರೂ ವಾರಸಾ ಮಾಡಿಸಲು ವಂಶವೃಕ್ಷ ಬರೆದುಕೊಡುವಾಗ ಅಕ್ಕತಂಗಿಯರ ಹೆಸರನ್ನು ಬಿಟ್ಟು ಬರೆಯುವವರಿದ್ದಾರೆ. ಪ್ರಮಾಣ ಮಾಡಿ ಸುಳ್ಳು ಬರೆಯುವ ಇಂತಹವರು ಮರುದಿನ ಇಷ್ಟಲಿಂಗವನ್ನು ಕೈಯಲ್ಲಿ ಹಿಡಿದು ಹೇಗೆ ಕುಳಿತುಕೊಳ್ಳುತ್ತಾರೋ ತಿಳಿಯದು. ಪಾಲು ಕೊಡುವುದು, ಬಿಡುವುದು, ಅಕ್ಕತಂಗಿಯರು ತಾವಾಗಿಯೇ ಒಲ್ಲೆನೆನ್ನುವುದು ಮುಂದಿನ ಮಾತು. ಹುಟ್ಟಿದವಳನ್ನು ಹುಟ್ಟಲಿಲ್ಲವೆಂದು ಬರೆಯುವುದು ಮಾತ್ರ ಯಾವ ಧರ್ಮದಲ್ಲಿಯೂ ಸಲ್ಲದು.

ಕಾಯಿದೆಯ ಇನ್ನೊಂದು ಸೂಕ್ಷ್ಮವನ್ನು ಗೃಹಸ್ಥರು ತಿಳಿದಿರಬೇಕು. ಸಂಬಂಧವನ್ನು ಬಲ್ಲವರು ವ್ಯಾಜ್ಯ ಹುಟ್ಟುವ ಮೊದಲೇ ಹೇಳಿದ ಅಥವಾ ಬರೆದಿಟ್ಟ ಮಾತಿಗೆ, ಅವರು ತೀರಿಹೋದ ಮೇಲೆಯೂ, ಸಾಕ್ಷ್ಯದ ನಿಯಮದಲ್ಲಿ ಸ್ಥಾನವಿದೆ. ಜಗಳ ಹತ್ತಿದ ಮೇಲೆ ಬರೆದದ್ದಕ್ಕೆ ಆ ಬೆಲೆಯಿಲ್ಲ. ಅಂದರೆ ಬರೆಯುವ ಕಾಲ ಇದೇ, ಅಜ್ಜಿ ಇನ್ನೂ ಕಟ್ಟೆಯ ಮೇಲೆ ಕುಳಿತಿರುವಾಗ.

ಹೆಳವರ ಮಕ್ಕಳೂ ಇಂದು ಶಾಲೆ ಕಲಿತು ನೌಕರಿಗೆ ಸೇರುತ್ತಿದ್ದಾರೆ. ಅದು ಆಗಬೇಕಾದದ್ದೇ. ಅಪ್ಪನಂತೆ ಊರೂರು ತಿರುಗಿರೆಂದು ಅವರಿಗೆ ಹೇಳುವ ಅಧಿಕಾರ ನಮಗಿಲ್ಲ. ಆದುದರಿಂದ ಈ ವರ್ಷ ಬಂದ ಹೆಳವನು ಮುಂದೆ ಬಾರದಿರಬಹುದೆಂದು ತಿಳಿದು ಅವನನ್ನು ಬರಮಾಡಿಕೊಳ್ಳಬೇಕು. ಬಾಗಿಲಲ್ಲಿ ನಿಲ್ಲಿಸಿ ಹತ್ತು ರೂಪಾಯಿ ಕೊಟ್ಟು ಕಳುಹಿಸದೆ, ಪಡಸಾಲೆಯಲ್ಲಿ ಕುಳ್ಳಿರಿಸಿ, ಪ್ರಸಾದ ಮಾಡಿಸಿ, ಓದಿದ್ದನ್ನು ಮಕ್ಕಳ ಕೈಯಿಂದ ಬರೆಯಿಸಿಕೊಳ್ಳಬೇಕು. ಪುಟದ ಚಿತ್ರ ತೆಗೆಯುವುದಾದರೆ ಅವನ ಒಪ್ಪಿಗೆ ಪಡೆದು, ಅದಕ್ಕೆ ತಕ್ಕ ಮರ್ಯಾದೆಯನ್ನೂ ಕೊಡಬೇಕು. ಅದು ಅವನ ಬದುಕೆಂದು ಮೇಲೆಯೇ ಹೇಳಿದ್ದೇವೆ. ತರುವಾಯ ಮನೆಯ ತಾಯಂದಿರನ್ನು ಕರೆದು ಒಬ್ಬೊಬ್ಬರ ಹೆಸರು, ಮದುವೆಗೆ ಮೊದಲಿನ ಹೆಸರು, ತವರೂರು, ತಂದೆತಾಯಿಯರ ಹೆಸರು ಹೇಳಿಸಿ, ಹೊರಗೆ ಕೊಟ್ಟ ಹೆಣ್ಣುಮಕ್ಕಳ ಹೆಸರು, ಸೇರಿದ ಊರು, ಅವರ ಮಕ್ಕಳ ಹೆಸರುಗಳನ್ನೂ ಹೇಳಿ, ಅವನ ಹೊತ್ತಿಗೆಯಲ್ಲಿ ಏರಿಸಿರೆಂದು ಕೇಳಬೇಕು. ನಮ್ಮಲ್ಲಿ ಹಾಗೆ ಬರೆಯುವ ವಾಡಿಕೆಯಿಲ್ಲವೆಂದು ಅವನು ತಲೆಯಾಡಿಸಿಯಾನು. ಜೋಳದ ಚೀಲಕ್ಕೆ ಇನ್ನೊಂದು ಸೇರು ಹೆಚ್ಚು ಹಾಕಿದರೆ ಬರೆದುಕೊಳ್ಳುತ್ತಾನೆ.